ಹೇಸಿಗೆ ಸಹಿಸದ ಗಿರಿಜಮ್ಮ ಮೇಡಂ

ಗಿರಿಜಮ್ಮ ಮೇಡಂ ಯಾವುದನ್ನೂ ತಪ್ಪು ಎನ್ನುತ್ತಿರಲಿಲ್ಲ, ಹೇಸಿಗೆ ಎನ್ನುತ್ತಿದ್ದರು. ಬಿಸಿಯೂಟದ ಅಕ್ಕಿಯಲ್ಲಿ ಹುಳ ಕಂಡರೂ ಹೇಸಿಗೆ. ಶಾಲೆಗೆ ಬಾರದ ಮೇಷ್ಟ್ರ ಸಹಿ ಹಾಜರಿ ಪುಸ್ತಕದಲ್ಲಿ ಕಂಡರೂ ಹೇಸಿಗೆ. ಯಾರೋ ಮಗಳಿಗೆ ನೀರು ಹಾಲು, ಮಗನಿಗೆ ಕೆನೆಹಾಲು ಕೊಡುತ್ತಾರೆಂದು ಕೇಳಿದರೂ ಹೇಸಿಗೆ. ಆ ಪದ ಆಡುವಾಗ ಅವರ ಮೇಲ್ದುಟಿ ಒಂದು ಮಗ್ಗುಲಿಗೆ ಏರಿ, ಮೂಗಿನ ಹೊಳ್ಳೆ ಅರಳಿ, ಕಣ್ಣು ಕಿರಿದಾಗುತ್ತಿತ್ತು. ಎದುರಿಗಿದ್ದವರು ತಮ್ಮ ಚಪ್ಪಲಿಗೆ ಏನಾದರೂ ಮೆತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಿದ್ದರು.

ಜಗಳೂರಿನ ನಮ್ಮ ಪ್ರೌಢಶಾಲೆಯಲ್ಲಿ ಅವರು ದೈಹಿಕ ಶಿಕ್ಷಕಿ. ನಾನು ಹೊನ್ನಾಳಿಯವಳು, ವಿಜ್ಞಾನ ಕಲಿಸಲು ಅಲ್ಲಿಗೆ ಹೋದವಳು. ಸೇರಿದ ಮೊದಲ ವಾರದಲ್ಲೇ ಅವರ ಪರಿಚಯ ಸರಿಯಾಗಿ ಆಯಿತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಾರದೆ ಬಹಳ ಕಾಲವಾಗಿತ್ತು. ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರು ಪ್ರತಿ ಸಭೆಯಲ್ಲೂ "ನೋಡೋಣ" ಎನ್ನುತ್ತಿದ್ದರು. ಆ ದಿನ ಸಭೆಗೆ ಬಂದವರನ್ನು ಗಿರಿಜಮ್ಮ ಮೇಡಂ ಬಹಳ ಮರ್ಯಾದೆಯಿಂದ ಕರೆದುಕೊಂಡು ಹೋಗಿ, ಶೌಚಾಲಯದ ಬಾಗಿಲೆದುರು ಹಾಕಿಸಿದ್ದ ಕುರ್ಚಿಯ ಮೇಲೆ ಕೂರಿಸಿದರು. ಟೀಪಾಯಿ ಇತ್ತು. ಅದರ ಮೇಲೆ ಟೀ, ಬಿಸ್ಕತ್ತು.

"ಕುತ್ಕಳ್ರಿ ಯಜಮಾನ್ರೇ. ಇವತ್ತು ಸಭೆ ಇಲ್ಲೇ. ಟೀ ಆರಿಹೋಗ್ತೈತೆ, ಕುಡೀರಿ."

ಅಧ್ಯಕ್ಷರು ಟವೆಲಿನಿಂದ ಮೂಗು ಮುಚ್ಚಿಕೊಂಡು, "ಏನ್ ಮೇಡಂ ಇದು" ಎಂದರು.

"ನೀವು ಒಂದು ಲೋಟ ಟೀ ಕುಡಿಯೋ ಹೊತ್ತು ಕೂಡಾಕೆ ಆಗಲ್ಲ. ನಮ್ಮ ಹುಡುಗ್ಯಾರು ದಿನಾ ಒಳಗೆ ಹೋಗಿ ಬರ್ತಾರೆ. ನನಗೆ ಇದು ಹೇಸಿಗೆ ಅನ್ನಿಸ್ತೈತೆ, ನಿಮಗೆ ಏನನ್ನಿಸ್ತೈತೋ ನೋಡ್ರಿ ಅಂತ ಕರೆದೆ."

ಮುಂದಿನ ವಾರ ನೀರು ಬಂತು.

ಅವರು ಮದುವೆಯಾಗಿರಲಿಲ್ಲ. ಯಾರಾದರೂ ಕಾರಣ ಕೇಳಿದರೆ, "ನೋಡಾಕೆ ಬಂದೋರೆಲ್ಲ ಉಪ್ಪಿಟ್ಟು ತಿಂದು ಕೈನ ನಮ್ಮ ಬಾಗಿಲ ಪರದೆಗೆ ಒರಸಿದ್ರು. ಆಗಲೇ ಸಾಕಾತು" ಎನ್ನುತ್ತಿದ್ದರು. ನಲವತ್ತರ ಹತ್ತಿರದಲ್ಲೂ ಹುಡುಗಿಯರ ಜೊತೆ ಖೋಖೋ ಆಡುತ್ತಿದ್ದರು. ಬೂಟು ದಿನಾ ಒರೆಸಿರುತ್ತಿತ್ತು. ವಿಷಲ್ ಅನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದರು.

ಅವರ ಕಾಯಿಲೆ ಮೊದಲು ಕಂಡಿದ್ದು ಕಾಲಿನಲ್ಲಿ. ಕ್ರೀಡಾಕೂಟದ ತಯಾರಿ ನಡೆದಿತ್ತು. ಹುಡುಗಿಯರ ಜೊತೆ ಓಡುತ್ತಿದ್ದವರು ತಟ್ಟನೆ ನಿಂತು, ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು. ನಾನು ಹತ್ತಿರ ಹೋದೆ. ಎಡಗಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಗಿದಿದ್ದವು. ಕೈಯಿಂದ ಬಿಡಿಸಿದರೂ ಬಿಡುತ್ತಿರಲಿಲ್ಲ.

"ನೋಡ್ರಿ ಶೈಲಾ, ಕಾಲು ಮುಷ್ಟಿ ಕಟ್ಟೈತೆ. ಯಾರಿಗೆ ಗುದ್ದಬೇಕು ಅಂತ ಐತೋ ಏನೋ" ಎಂದು ನಕ್ಕರು. ನಗು ತುಟಿಯಲ್ಲಷ್ಟೇ ಇತ್ತು. ಆಮೇಲೆ ನಿಧಾನಕ್ಕೆ ಹೇಳಿದರು. "ನಮ್ಮ ಮಂಜಣ್ಣಂಗೂ ಹಿಂಗೇ ಶುರುವಾಗಿತ್ತು."

ಮಂಜಣ್ಣ ಅವರ ಎರಡನೆಯ ಅಣ್ಣ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಲ್ಲಿ ಅವರ ತವರು. ಅಡಿಕೆ ವ್ಯಾಪಾರದ ಮನೆ, ಊರಲ್ಲಿ ಹೆಸರಿದ್ದ ಮನೆ. ಯಜಮಾನಿಕೆ ದೊಡ್ಡಣ್ಣ ರುದ್ರೇಶಪ್ಪನದು. ಅಕ್ಕ ಸುಮಂಗಲಮ್ಮನನ್ನು ನ್ಯಾಮತಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ರಜೆಯಲ್ಲಿ ನಾನು ಅವರ ಜೊತೆ ತ್ಯಾವಣಿಗೆಗೆ ಹೋದಾಗ, ಬಸ್ಸಿಳಿದ ಕೂಡಲೇ ಒಬ್ಬ ಮುದುಕ ಅವರನ್ನು ಮಾತಾಡಿಸಿದ. "ಏನವ್ವಾ, ನಿಮ್ಮ ಮಂಜ ಕುಡಿಯೋದು ಬಿಟ್ನೇನು?"

ಅವರು ಚೀಲ ಹೆಗಲಿಗೇರಿಸಿ ಬಿರಬಿರನೆ ಮುಂದೆ ನಡೆದರು.

ಮಂಜಣ್ಣನನ್ನು ಇರಿಸಿದ್ದು ಮನೆಯ ಹಿಂದಿನ ಗೋದಾಮಿನ ಪಕ್ಕದ ಕೋಣೆಯಲ್ಲಿ. ಸುತ್ತ ಗೋಣಿಚೀಲ, ಮೂಲೆಯಲ್ಲಿ ಒಂದು ಮಂಚ. ಹಿಂದೆ ಆತ ಊರಿನ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದನಂತೆ. ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಟೀ ಕೊಡಲು ಬಂದ. ಅರ್ಧ ಟೀ ನೆಲಕ್ಕೆ ಚೆಲ್ಲಿತು.

"ಬೇಜಾರಾಗಬ್ಯಾಡ್ರಿ ಅಕ್ಕಾರೇ. ಲೋಟಕ್ಕೂ ನಡುಕ ಹತ್ಕಂಡೈತೆ" ಎಂದ. ಬಹಳ ಮೆದು ದನಿ.

ಆ ಕೋಣೆಗೆ ಹಿಂದಿನ ಬೀದಿಯ ಕಡೆ ಒಂದು ಕಿಟಕಿ ಇತ್ತು. ಕಿಟಕಿಯ ಹಲಗೆಯ ಮೇಲೆ ಬ್ರಾಂದಿಯ ಖಾಲಿ ಬಾಟಲಿ. ನಾನು ನೋಡಿದ್ದನ್ನು ಗಿರಿಜಮ್ಮ ಮೇಡಂ ನೋಡಿದರು. ಬಾಟಲಿಯನ್ನು ಎತ್ತಿ ಹಿತ್ತಲಿಗೆ ಎಸೆದು ಬಂದು ಕೈ ತೊಳೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು. "ಅವನು ಜೀವಮಾನದಾಗೆ ಒಂದು ತೊಟ್ಟು ಕುಡಿದೋನಲ್ಲ ಶೈಲಾ. ಆ ಬಾಟ್ಲಿ ನಮ್ಮ ದೊಡ್ಡಣ್ಣ ಇಡೋದು. ನಾನು ಎಸೀತೀನಿ, ಅವನು ಇನ್ನೊಂದು ತಂದಿಡ್ತಾನೆ."

ನನಗೆ ಅರ್ಥವಾಗಲಿಲ್ಲ.

"ಕುಡುಕ ಅಂದ್ರೆ ಒಬ್ಬನ ತಲೆಗೆ ಹೋಗ್ತೈತೆ. ವಂಶದ ಕಾಯಿಲೆ ಅಂದ್ರೆ ಮನೆಗೆಲ್ಲ ಅಂಟ್ಕಂತೈತೆ, ಹೆಣ್ಣು ಕೊಡಲ್ಲ, ತರಲ್ಲ. ಅದಕ್ಕೆ ನಮ್ಮ ದೊಡ್ಡಣ್ಣ ತಮ್ಮನ್ನ ಕುಡುಕನ್ನ ಮಾಡಿಟ್ಟಾನೆ. ಮಂಜಣ್ಣ ಹೂಂ ಅಂದಾನೆ. ಮನೆ ಹೆಸರು ಅಂತ."

ಹೇಸಿಗೆ ಎಂದು ಅವರು ಅನ್ನಲಿಲ್ಲ. ಅಂದು ಆ ಪದ ನನ್ನ ಬಾಯಿಗೇ ಬಂದಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಪಾರ್ಕಿನ್ಸನ್ ಎಂದು ಗೊತ್ತಾದ ಮೇಲೆ ಗಿರಿಜಮ್ಮ ಮೇಡಂ ಮಾಡಿದ ಮೊದಲ ಕೆಲಸ, ಶಾಲೆಯ ಪ್ರಾರ್ಥನೆಯಲ್ಲಿ ನಿಂತು ಹೇಳಿದ್ದು. "ನನಗೆ ಪಾರ್ಕಿನ್ಸನ್ ಅನ್ನೋ ಕಾಯಿಲೆ ಐತೆ. ಮೆದುಳಿನಾಗೆ ಕೆಲವು ಕೋಶ ಸಾಯ್ತವೆ, ಅದಕ್ಕೆ ಕೈ ನಡುಗ್ತೈತೆ, ಕಾಲು ಎಳೀತೈತೆ. ಅಂಟುರೋಗ ಅಲ್ಲ. ನಗು ಬಂದ್ರೆ ನಗ್ರಿ, ಆದ್ರೆ ಬಾಯಿ ಮುಚ್ಕಂಡು ನಗ್ರಿ, ಎಂಜಲು ಸಿಡೀತೈತೆ." ಹುಡುಗಿಯರು ನಕ್ಕರು. ಆಮೇಲೆ ಯಾರೂ ಅವರ ಕೈಯನ್ನು ಕದ್ದು ನೋಡಲಿಲ್ಲ.

ಸುದ್ದಿ ತ್ಯಾವಣಿಗೆಗೆ ಮುಟ್ಟಲು ತಡವಾಗಲಿಲ್ಲ. ರುದ್ರೇಶಪ್ಪ ಫೋನಿನಲ್ಲಿ ಕಿರುಚಿದ್ದು ಸ್ಟಾಫ್ ರೂಮಿಗೆಲ್ಲ ಕೇಳಿಸಿತು. ಅವನ ಮಗಳು ಕಾವ್ಯಳನ್ನು ಸುಮಂಗಲಮ್ಮನ ಮಗ ವಿನಯನಿಗೆ ಕೊಡುವ ಮಾತು ಆಗಷ್ಟೇ ನಡೆದಿತ್ತು. ಅಣ್ಣನ ಮಗಳು, ತಂಗಿಯ ಮಗ. ಮನೆಯೊಳಗಿನ ಸಂಬಂಧ, ಆದರೂ ಊರು ನೋಡುತ್ತದಲ್ಲ. ಲಗ್ನಕ್ಕೆ ಮೊದಲು ತಮ್ಮ, ತಂಗಿ ಇಬ್ಬರನ್ನೂ "ಸರಿ ಮಾಡಿಸಬೇಕು" ಎಂದು ಅವನು ಹಟ ಹಿಡಿದ. ಅದೇ ಹೊತ್ತಿಗೆ ಚನ್ನಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಶಿಬಿರವೊಂದು ಬಂದಿಳಿಯಿತು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ನಡುಕ, ಲಕ್ವ, ಸಕ್ಕರೆ, ಮಂಡಿನೋವು ಎಲ್ಲ ಮಾಯ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರುತ್ತಿದ್ದರು.

"ನೀವು ವಿಜ್ಞಾನದೋರು, ಬರ್ರಿ" ಎಂದು ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ರುದ್ರೇಶಪ್ಪ ಮಂಜಣ್ಣನನ್ನು ಆಗಲೇ ಅಲ್ಲಿಗೆ ಕರೆತಂದಿದ್ದ.

ಬಿಳಿ ಕೋಟಿನವನೊಬ್ಬ ವೇದಿಕೆಯ ಮೇಲೆ, ಹಿಂದಿನ ದಿನದ ಮದುವೆಯ ಹೂವಿನ ಚಪ್ಪರದ ಕೆಳಗೆ ನಿಂತು ಮಾತಾಡುತ್ತಿದ್ದ. ನಿಮ್ಮ ಹೊಟ್ಟೆಯ ಕೊಬ್ಬನ್ನೇ ತೆಗೆದು, ಅದರೊಳಗಿನ ಜೀವಕೋಶವನ್ನು ಬೆನ್ನುಹುರಿಗೆ ಚುಚ್ಚುತ್ತೇವೆ, ಅದು ತಾನಾಗಿ ಮೆದುಳಿಗೆ ಹೋಗಿ ಕೆಟ್ಟ ಜಾಗ ಹುಡುಕಿ ಕೂರುತ್ತದೆ ಎಂದ. ಕೊಬ್ಬಿನ ಕೋಶಕ್ಕೆ ಮೆದುಳಿನ ದಾರಿ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. "ದೇವರು ಕೊಟ್ಟ ಬುದ್ಧಿ ಮೇಡಂ" ಎಂದ. ಜನ ತಲೆದೂಗಿದರು. ಗಿರಿಜಮ್ಮ ಎದ್ದು ನಿಂತರು.

"ಈ ಸೂಜಿ ಹಾಕಿಸ್ಕಂಡು ವಾಸಿಯಾದೋರು ಇಲ್ಲಿ ಒಬ್ಬರಾದ್ರೂ ಅದಾರೇನ್ರಿ?"

"ವಾಸಿಯಾದವರು ಯಾಕಮ್ಮ ಶಿಬಿರಕ್ಕೆ ಬರ್ತಾರೆ? ಅವರು ಕೆಲಸಕ್ಕೆ ಹೋಗಿರ್ತಾರೆ" ಎಂದ ಅವನು. ಸಭೆ ನಕ್ಕಿತು.

ಚುಚ್ಚುವ ಕೆಲಸಕ್ಕೆ ಶಿಬಿರದವರು ಆರಿಸಿದ್ದು ಅದೇ ಮಂಟಪದ ವಧುವಿನ ಕೋಣೆ. ಕನ್ನಡಿಯ ಮೇಲೆ ಯಾವ ಯಾವ ಮದುಮಕ್ಕಳೋ ಅಂಟಿಸಿಹೋದ ಹಣೆಬೊಟ್ಟುಗಳು. ಅದರ ಕೆಳಗೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಹಳದಿ ಕೊಬ್ಬು ಮೆತ್ತಿದ ಸೂಜಿ, ರಕ್ತ ಕುಡಿದ ಹತ್ತಿ, ಅದರ ಮೇಲೆ ನೊಣ. ಮೂಲೆಯ ಸಿಂಕಿನಲ್ಲಿ ಯಾರೋ ಎಲೆಅಡಿಕೆ ಉಗಿದಿದ್ದರು. ಗಿರಿಜಮ್ಮ ಮೇಡಂ ಬಾಗಿಲಲ್ಲೇ ನಿಂತು ಒಂದು ಸಲ ಒಳಗೆ ನೋಡಿ, ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿದರು. ಬಾಯಿ ತೊಳೆದು ಬಂದು ಅಣ್ಣನ ತೋಳು ಹಿಡಿದರು.

"ಅಣ್ಣ, ಬ್ಯಾಡ. ಇದು ಕಸಾಯಿಖಾನೆಗಿಂತ ಕಡೆ. ನಡಿ ಮನೆಗೆ."

ರುದ್ರೇಶಪ್ಪ ನಡುವೆ ಬಂದ. ಮಂಜಣ್ಣ ಅವನನ್ನು ಕೈಯಿಂದ ಸರಿಸಿ ತಂಗಿಯ ಕಡೆ ತಿರುಗಿದ.

"ಗಿರಿಜಾ, ಗುಣ ಆಗ್ತೈತೋ ಇಲ್ಲೋ ನಂಗೂ ಗೊತ್ತಿಲ್ಲವ್ವ. ಒಂದೇ ಒಂದು ದಿನ ಬಜಾರದಾಗೆ ನೆಟ್ಟಗೆ ನಡಕಂಡು ಹೋಗಬೇಕು. ನೋಡ್ದೋರು, ಇವನು ಕುಡುಕ ಅಲ್ಲ ಅನ್ನಬೇಕು. ಅಷ್ಟಕ್ಕೆ ಹಾಕಿಸ್ಕಂತೀನಿ."

ಅವನು ಒಳಗೆ ಹೋದ. ಮೇಡಂ ಹೋಗಲಿಲ್ಲ.

ವಾರದೊಳಗೆ ಜ್ವರ ಬಂತು. ಬೆನ್ನಿನ ಮೇಲೆ ಕೀವು ಕಟ್ಟಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಾಲು ಸ್ವಾಧೀನ ತಪ್ಪಿತ್ತು. ನಾನು ನೋಡಲು ಹೋದಾಗ ಆ ಕೋಣೆಯ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೇಡಂ ಮಾತ್ರ ಅಣ್ಣನ ಪಕ್ಕ ಕೂತು, ತಮ್ಮ ನಡುಗುವ ಕೈಯಿಂದಲೇ ಅವನ ಬೆನ್ನು ಒರೆಸುತ್ತಿದ್ದರು. ಅಂಥ ಮೂಗಿನವರು ಅಲ್ಲಿ ಒಮ್ಮೆಯೂ ಮೂಗು ಮುಚ್ಚಿಕೊಳ್ಳಲಿಲ್ಲ. ಮಂಜಣ್ಣ ಬದುಕಲಿಲ್ಲ. ಶಿಬಿರದವರ ಫೋನು ಅಷ್ಟು ಹೊತ್ತಿಗೆ ಸತ್ತುಹೋಗಿತ್ತು. ಮಂಟಪದಲ್ಲಿ ಬೇರೆ ಮದುವೆ ನಡೆಯುತ್ತಿತ್ತು.

ಮಂಜಣ್ಣನ ಶಿವಗಣಾರಾಧನೆಯ ದಿನ ತಿಥಿಯೂಟಕ್ಕೆ ಕೂತ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ಲಿವರ್ ಹೋಗಿತ್ತಂತೆ, ಕುಡಿದೂ ಕುಡಿದೂ ಸತ್ತನಂತೆ. ಕೇಳಿದವರಿಗೆ ರುದ್ರೇಶಪ್ಪನೇ ಹಾಗೆ ಹೇಳುತ್ತಿದ್ದ. ಪಾಯಸ ಬಡಿಸುವ ಹೊತ್ತಿಗೆ ಗಿರಿಜಮ್ಮ ಮೇಡಂ ಸಾಲಿನ ನಡುವೆ ಬಂದು ನಿಂತರು. ಪಿ.ಟಿ. ಮೇಡಂ ದನಿ, ಮೈಕು ಬೇಕಿರಲಿಲ್ಲ.

"ಊಟ ಮಾಡ್ತಾ ಮಾಡ್ತಾನೇ ಕೇಳ್ರಿ. ನಮ್ಮ ಮಂಜಣ್ಣ ಒಂದು ತೊಟ್ಟು ಕುಡಿದೋನಲ್ಲ. ಅವನಿಗೆ ಪಾರ್ಕಿನ್ಸನ್ ಅನ್ನೋ ರೋಗ ಇತ್ತು. ನನಗೂ ಐತೆ." ಅವರು ಕೈ ಮುಂದೆ ಚಾಚಿದರು. ಬೆರಳು ಅದುರುತ್ತಿತ್ತು. "ಇದನ್ನೂ ಕುಡಿತದ್ದು ಅಂತೀರೇನು?"

ರುದ್ರೇಶಪ್ಪ ಬಂದು ತಂಗಿಯ ರಟ್ಟೆ ಹಿಡಿದು ಒಳಗೆಳೆದ. ಬಾಗಿಲು ಮುಚ್ಚುವ ಮೊದಲು ಅವನು ಅಂದದ್ದು ನನ್ನ ಕಿವಿಗೆ ಬಿತ್ತು. "ನೀನೂ ಸತ್ತಿದ್ರೆ ಚೆನ್ನಾಗಿತ್ತು." ಎಲೆಯ ಮೇಲಿದ್ದ ಪಾಯಸವನ್ನು ನನ್ನಿಂದ ತಿನ್ನಲಾಗಲಿಲ್ಲ. ಅಕ್ಕಪಕ್ಕದವರು ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು.

ಇದಾದ ಕೆಲವು ತಿಂಗಳಿಗೆ ಮೇಡಂ ಗುಳಿಗೆ ಬದಲಾಯಿಸಿಕೊಳ್ಳಲು ಬೆಂಗಳೂರಿಗೆ ಹೊರಟಾಗ ನಾನೂ ಹೋದೆ. ಅಣ್ಣ ತಂಗಿ ಇಬ್ಬರಿಗೂ ಚಿಕ್ಕ ವಯಸ್ಸಿನಲ್ಲೇ ಬಂದದ್ದು ತಿಳಿದು, ಡಾಕ್ಟರು ಈ ಮೊದಲೇ ರಕ್ತ ಪರೀಕ್ಷೆ ಮಾಡಿಸಿದ್ದರು. ರೋಗ ವಂಶದ್ದೇ ಎಂದು ಖಚಿತವಾಗಿತ್ತು. ಮೇಘನಾ ಎಂಬ ಸಂಶೋಧಕಿ, ಇನ್ನೂ ಮೂವತ್ತು ದಾಟದ ಹುಡುಗಿ, ನಮ್ಮ ಹತ್ತಿರ ಬಂದು ಕೂತಳು.

"ನಿಮ್ಮ ತೋಳಿಂದ ಕಡಲೆಬೇಳೆಯಷ್ಟು ಚರ್ಮ ಬೇಕಿತ್ತು ಮೇಡಂ. ಅದರ ಜೀವಕೋಶಗಳನ್ನ ಲ್ಯಾಬಲ್ಲಿ ಬೆಳೆಸಿ, ಅವು ಇನ್ನೂ ಏನೂ ಆಗಿರದ ಮೊದಲಿನ ಸ್ಥಿತಿಗೆ ವಾಪಸ್ ತರ್ತೀವಿ. ಅದನ್ನೇ ಸ್ಟೆಮ್ ಸೆಲ್ ಅನ್ನೋದು. ಆಮೇಲೆ..."

ಮೇಡಂ ಎದ್ದುಬಿಟ್ಟರು. "ಏಳ್ರಿ ಶೈಲಾ. ನಮ್ಮಣ್ಣನ್ನ ತಿಂದ ಮಾತು ಇಲ್ಲೂ ಬಂತು."

ಏನಾಯಿತೆಂದು ಆ ಹುಡುಗಿ ಕೇಳಿದಳು. ನಾನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಮುಖ ಕಪ್ಪಿಟ್ಟಿತು.

"ಅದು ಮೋಸ ಮೇಡಂ. ನಾವು ನಿಮಗೆ ಏನೂ ಚುಚ್ಚಲ್ಲ, ನಿಮ್ಮೊಳಗೆ ಏನೂ ಹಾಕಲ್ಲ. ಬದುಕಿರೋರ ಮೆದುಳು ತೆಗೆದು ನೋಡೋಕಾಗಲ್ಲ. ಅದಕ್ಕೆ ನಿಮ್ಮ ಚರ್ಮದಿಂದ ಮಾಡಿದ ಕೋಶಗಳನ್ನ ಮೆದುಳಿನ ಕೋಶ ಆಗೋ ಹಾಗೆ ಬೆಳೆಸಿ, ಅವು ಯಾಕೆ ಸಾಯ್ತವೆ ಅಂತ ತಟ್ಟೆಯಲ್ಲಿ ನೋಡ್ತೀವಿ. ಇದರಿಂದ ನಿಮಗೆ ಏನೂ ಲಾಭ ಇಲ್ಲ. ನಿಮ್ಮ ನಡುಕ ಒಂದು ಚೂರೂ ಕಡಿಮೆಯಾಗಲ್ಲ. ನೀವು ಇರೋವಾಗಲೇ ಔಷಧಿ ಸಿಗುತ್ತೆ ಅಂತಾನೂ ನಾನು ಹೇಳಲ್ಲ."

ಗಿರಿಜಮ್ಮ ಮೇಡಂ ಬಾಗಿಲ ಹತ್ತಿರ ನಿಂತಿದ್ದವರು ತಿರುಗಿದರು. "ಏನಂದ್ರಿ? ಇನ್ನೊಂದು ಸಲ ಹೇಳ್ರಿ."

"ನಿಮಗೆ ಏನೂ ಲಾಭ ಇಲ್ಲ ಮೇಡಂ."

ಅವರು ಬಂದು ಕೂತರು. ರವಿಕೆಯ ತೋಳನ್ನು ಮೇಲೆ ಸರಿಸಿದರು. "ನನಗೆ ಕಾಯಿಲೆ ಬಂದಾಗಿಂದ ಇಷ್ಟು ಶುದ್ಧವಾದ ಮಾತು ಯಾರೂ ಆಡಿರಲಿಲ್ಲವ್ವ. ತಗೋ."

ಮರಗಟ್ಟಿಸುವ ಸೂಜಿ ಹಾಕಿ ಒಂದು ಚೂರು ಚರ್ಮ ತೆಗೆದರು. ಹೋಲಿಸಿ ನೋಡಲು ಅದೇ ಮನೆಯ, ರೋಗವಿಲ್ಲದ ಒಬ್ಬರ ಚರ್ಮವೂ ಸಿಕ್ಕರೆ ಒಳ್ಳೆಯದು ಎಂದಳು ಮೇಘನಾ. ಮೇಡಂ ಅಲ್ಲಿಂದಲೇ ದೊಡ್ಡಣ್ಣನಿಗೆ ಫೋನು ಮಾಡಿದರು. ಅವನ ಉತ್ತರ ಹೀಗಿತ್ತು. "ನನ್ನ ಚರ್ಮ ಅಲ್ಲಿಗೆ ಹೋತು ಅಂದ್ರೆ ನನಗೂ ಐತೆ ಅಂತ ಆಗ್ತೈತೆ. ಕಾವ್ಯನ ಲಗ್ನ ಮುಗೀಲಿ, ಬಾಯಿ ಮುಚ್ಕಂಡಿರು. ಮನ್ಯಾಗೇ ಕೊಟ್ಟು ತಗಂಡ್ರೆ ಹೊರಗಿನೋರು ಯಾರು ಕೇಳ್ತಾರೆ?"

ಮೇಡಂ ಆ ಮಾತನ್ನು ಡಾಕ್ಟರಿಗೆ ಹಾಗೇ ಹೇಳಿದರು. ಡಾಕ್ಟರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಈ ರೋಗ ತರುವ ವಂಶವಾಹಿ ಗುಣ ಒಂದೇ ಕಡೆಯಿಂದ ಬಂದರೆ ಸಾಮಾನ್ಯವಾಗಿ ಏನೂ ಆಗದು, ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ರೋಗ. ಗಿರಿಜಮ್ಮನವರ ತಂದೆ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಈಗ ಕಾವ್ಯ, ವಿನಯ ಇಬ್ಬರಲ್ಲೂ ಆ ಗುಣ ಇರುವ ಸಾಧ್ಯತೆ ಇತ್ತು. ಮದುವೆಗೆ ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು.

ಮೇಡಂ ಅಲ್ಲಿಂದ ನನ್ನ ಜೊತೆ ಊರಿನ ಬಸ್ಸು ಹತ್ತಿದರು. ತುಮಕೂರು ದಾಟಿದ ಮೇಲೆ ಹೇಳಿದರು. "ಹೊರಗೆ ಗೊತ್ತಾಗಬಾರದು ಅಂತ ಒಳಗೊಳಗೇ ಕೊಟ್ರು, ಒಳಗೊಳಗೇ ತಗಂಡ್ರು. ರೋಗಾನ ಕೂಸಿನಂಗೆ ಮನ್ಯಾಗೆ ಸಾಕ್ಕಂಡ್ರು. ಅದನ್ನ ಮುಚ್ಚಾಕೆ ಒಬ್ಬನ್ನ ಕುಡುಕನ್ನ ಮಾಡಿ ಕೊಂದ್ರು. ಮನೆತನ ಅಂತಾರಲ್ಲ ಶೈಲಾ, ಅದರ ನಾತ ನನ್ನ ಸೀರೆಗೂ ಹತ್ತೈತೆ."

ಕಾವ್ಯ ಆಗ ಚನ್ನಗಿರಿಯ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತೆಯ ಫೋನು ಬಂದ ಮರು ಭಾನುವಾರವೇ ಜಗಳೂರಿಗೆ ಬಂದಳು. ಎಲ್ಲ ಕೇಳಿ, "ಮಂಜಣ್ಣ ಚಿಕ್ಕಪ್ಪ ಕುಡೀತಿರ್ಲಿಲ್ವಾ ಅತ್ತೆ?" ಎಂದಳು. ತನ್ನ ಲಗ್ನದ ವಿಚಾರಕ್ಕಿಂತ ಮೊದಲು ಅವಳು ಕೇಳಿದ್ದು ಅದನ್ನು. ಚಿಕ್ಕಂದಿನಿಂದ ಅವನ ಕೋಣೆಯ ಹತ್ತಿರ ಹೋಗದಂತೆ ಅವಳನ್ನು ಬೆಳೆಸಿದ್ದರು. ಇಲ್ಲ ಎಂದಾಗ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಬೆಂಗಳೂರಿಗೆ ಹೋಗಿ ರಕ್ತವನ್ನೂ ಕೊಟ್ಟಳು, ಅಪ್ಪ ಕೊಡದ ಚರ್ಮವನ್ನೂ ಕೊಟ್ಟಳು. ಪರೀಕ್ಷೆಯಲ್ಲಿ ಏನು ಬಂತೆಂದು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಗೆ ಹೋಗಿ ಈ ಮದುವೆ ಬೇಡ ಎಂದಳು. ಅಂದಿನಿಂದ ತ್ಯಾವಣಿಗೆಯ ಬಾಗಿಲು ಇಬ್ಬರಿಗೂ ಮುಚ್ಚಿತು.

ಒಂದೆರಡು ವರ್ಷ ಕಳೆದ ಮೇಲೆ ಮೇಘನಾ ನಮ್ಮನ್ನು ಲ್ಯಾಬಿಗೆ ಕರೆದಳು. ಅಷ್ಟರಲ್ಲಿ ಮೇಡಂ ಸ್ವಯಂ ನಿವೃತ್ತಿ ಪಡೆದಿದ್ದರು. ಗುಳಿಗೆ ಕೆಲಸ ಮಾಡುವಾಗ ಮೈ ತಾನಾಗಿ ತೂಗಾಡುತ್ತಿತ್ತು, ಅದರ ಶಕ್ತಿ ಇಳಿದರೆ ಕಟ್ಟಿಗೆಯ ಹಾಗೆ ಬಿಗಿದುಕೊಳ್ಳುತ್ತಿತ್ತು. ತೂಗಾಡುವ ತಲೆಯನ್ನು ನಾನು ಹಿಂದಿನಿಂದ ಹಿಡಿದುಕೊಂಡೆ. ಅವರು ಸೂಕ್ಷ್ಮದರ್ಶಕದೊಳಗೆ ನೋಡಿದರು. ಅವರ ತೋಳಿನ ಚರ್ಮದಿಂದ ಬೆಳೆದ ಮೆದುಳಿನ ಕೋಶಗಳು. ಮೆಂತ್ಯದ ಮೊಳಕೆಯ ಬೇರಿನಂತೆ ಸಣ್ಣ ಎಳೆಗಳು ಒಂದನ್ನೊಂದು ಹುಡುಕಿಕೊಂಡು ಹೋಗಿದ್ದವು.

"ಇವು ನಡುಗಾಕತ್ತಿಲ್ಲವಲ್ಲ" ಎಂದರು ಮೇಡಂ.

"ಒಂದೊಂದು ಕೋಶ ನಡುಗಲ್ಲ ಮೇಡಂ, ಸೊರಗುತ್ತೆ. ಕೋಶದೊಳಗೆ ಶಕ್ತಿ ತಯಾರಿಸೋ ಸಣ್ಣ ಸಣ್ಣ ಭಾಗಗಳಿರ್ತವೆ.  ಅವು ಹಳತಾಗಿ ಕೆಟ್ಟಾಗ ಹೊರಗೆ ಹಾಕೋ ವ್ಯವಸ್ಥೆ ಇರಬೇಕು. ನಿಮ್ಮ ಕೋಶಗಳಲ್ಲಿ ಆ ವ್ಯವಸ್ಥೆ ಸರಿಯಿಲ್ಲ. ಕೆಟ್ಟಿದ್ದು ಒಳಗೇ ಉಳಿಯುತ್ತೆ. ಕಾವ್ಯ ಅವರ ಕೋಶ ಪಕ್ಕದಲ್ಲಿಟ್ಟು ನೋಡಿದಾಗ ಆ ವ್ಯತ್ಯಾಸ ಕಾಣುತ್ತೆ. ಯಾವ ಔಷಧಿ ಹಾಕಿದರೆ ಕಸ ಹೊರಗೆ ಹೋಗುತ್ತೆ ಅಂತ ಹುಡುಕ್ತಾ ಇದೀವಿ. ಇನ್ನೂ ಸಿಕ್ಕಿಲ್ಲ."

"ಸಿಕ್ಕಿಲ್ಲ ಅಂತ ಹೇಳ್ತೀಯಲ್ಲವ್ವ, ಅದಕ್ಕೇ ನಿನ್ನ ಕಂಡ್ರೆ ಇಷ್ಟ" ಎಂದರು ಮೇಡಂ. ಇನ್ನೊಮ್ಮೆ ಕಣ್ಣಿಟ್ಟು ನೋಡಿ, "ಕಸ ಒಳಗೇ ಇಟ್ಕಂಡು ಸಾಯೋದು. ನಮ್ಮ ಮನೆಯವೇ, ಗುರುತು ಸಿಕ್ತು" ಎಂದರು. ಮೇಘನಾ ನಗಬೇಕೋ ಬಾರದೋ ತಿಳಿಯದೆ ನಿಂತಿದ್ದಳು. ಮೇಡಂ ಮಾತ್ರ ಜೋರಾಗಿಯೇ ನಕ್ಕರು.

ಒಬ್ಬರೇ ಇರಲಾಗದೆ ಹೋದಾಗ ಅಕ್ಕ ಸುಮಂಗಲಮ್ಮ ನ್ಯಾಮತಿಗೆ ಕರೆದುಕೊಂಡಳು. ಅಷ್ಟರಲ್ಲಿ ನನಗೆ ಹೊನ್ನಾಳಿಗೆ ವರ್ಗವಾಗಿತ್ತು. ನ್ಯಾಮತಿ ಅಲ್ಲಿಂದ ದೂರವಲ್ಲ, ಆಗಾಗ ಹೋಗುತ್ತಿದ್ದೆ. ಕೊನೆಯ ಕೆಲವು ತಿಂಗಳು ಮೇಡಂ ಇದ್ದದ್ದು ಚನ್ನಗಿರಿಯಲ್ಲಿ, ಕಾವ್ಯಳ ಬಾಡಿಗೆ ಮನೆಯಲ್ಲಿ. ತೀರಿಕೊಂಡದ್ದೂ ಅಲ್ಲೇ, ಕಳೆದ ಮಳೆಗಾಲದಲ್ಲಿ, ನ್ಯುಮೋನಿಯಾದಿಂದ. ಆ ತಿಂಗಳುಗಳಲ್ಲಿ ಅಲ್ಲಿಗೆ ಹೋಗಲು, ಕೊನೆಗೆ ಮಣ್ಣಿಗೂ ಹೋಗಲು ನನಗೆ ಸಾಧ್ಯವಾಗಲಿಲ್ಲ. ಶಾಲೆಯ ಸಂತಾಪ ಸಭೆಗೆ ಹೋಗಿದ್ದೆ. ಹಿಂದೆ ಶೌಚಾಲಯದೆದುರು ಕೂತಿದ್ದ ಆ ಅಧ್ಯಕ್ಷರೇ ಬಂದು, ಅವರ ಜೀವಕೋಶಗಳು ಬೆಂಗಳೂರಿನಲ್ಲಿ ಬದುಕಿವೆಯಂತೆ, ಆದ್ದರಿಂದ ಗಿರಿಜಮ್ಮನವರು ಅಮರರು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ಬದುಕಿದ್ದಾಗ ಒಮ್ಮೆಯೂ ನೋಡಲು ಹೋಗದವರಿಗೆ ಈ ಅಮರತ್ವ ಬಹಳ ಸಸ್ತಾ ಸಿಕ್ಕಿತ್ತು. ಅಲ್ಲಿ ಇಟ್ಟಿರುವುದು ಅವರ ಕಾಯಿಲೆಯನ್ನು. ಅವರನ್ನು ಇಟ್ಟುಕೊಳ್ಳಲು ಕಾವ್ಯಳ ಹೊರತು ಯಾರಿಗೂ ಮನಸ್ಸಿರಲಿಲ್ಲ.

ನಾನು ಅವರನ್ನು ಕೊನೆಯದಾಗಿ ಕಂಡದ್ದು ನ್ಯಾಮತಿಯಲ್ಲಿ, ಒಂದು ಭಾನುವಾರ. ಮನೆಯೆದುರು ರಂಗೋಲಿ, ಒಳಗೆ ಕೇಸರಿಬಾತಿನ ವಾಸನೆ. ವಿನಯನಿಗೆ ಹೆಣ್ಣು ಕೊಡುವವರು ಬರುವವರಿದ್ದರು, ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ.

"ಗಿರಿಜಾ ಮಲಗ್ಯಾಳೆ ಮೇಡಂ. ಇವತ್ತು ಎಬ್ಬಿಸಬ್ಯಾಡ್ರಿ" ಎಂದಳು ಸುಮಂಗಲಮ್ಮ. ಕಣ್ಣು ನನ್ನ ಕಡೆ ಇರಲಿಲ್ಲ.

ನಾನು ಹಿಂದಿನ ಕೋಣೆಗೆ ಹೋದೆ. ಮೇಡಂ ಮಲಗಿರಲಿಲ್ಲ. ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಬಿಗಿದು ಕೂತಿದ್ದರು. ಜೊಲ್ಲು ಇಳಿದು ರವಿಕೆ ಒದ್ದೆಯಾಗಿತ್ತು. ತೊಡೆಯ ಕೆಳಗೂ ಒದ್ದೆ. ಕಣ್ಣುಗುಡ್ಡೆ ಮಾತ್ರ ನನ್ನ ಕಡೆ ಹೊರಳಿತು. ತುಟಿ ಅಲುಗಿಸಲು ಎಷ್ಟೋ ಪ್ರಯತ್ನಪಟ್ಟು ಒಂದು ಪದ ಹೊರಡಿಸಿದರು. "ಗುಳಿಗೆ."

ಅಡುಗೆಮನೆಗೆ ಬಂದು ಕೇಳಿದೆ. ಗುಳಿಗೆಯ ಪಟ್ಟಿ ಫ್ರಿಜ್ಜಿನ ಮೇಲಿತ್ತು. ಬೆಳಗಿನದೂ ತೆಗೆದಿರಲಿಲ್ಲ.

"ಕೊಟ್ರೆ ಎದ್ದು ಬಂದು ಬೀಗರ ಮುಂದೆ ಎಲ್ಲ ಹೇಳ್ತಾಳೆ. ಅವರು ಹೋದಮ್ಯಾಲೆ ಕೊಟ್ರಾತು ಅಂತ" ಎಂದಳು ಸುಮಂಗಲಮ್ಮ. ಸೌಟು ಕೈಯಲ್ಲೇ ಇತ್ತು. "ಹಿಂದೆ ಒಂದು ಸಲ ಹಂಗೇ ಮಾಡಿದ್ವಿ. ಏನೂ ಆಗಲಿಲ್ಲ."

ಗುಳಿಗೆಯನ್ನು ತಡೆದು ಮನುಷ್ಯರನ್ನು ಮರದ ಕೊರಡು ಮಾಡಿಡಬಹುದು ಎಂದು ಈ ಮನೆಯವರು ಕಂಡುಕೊಂಡಿದ್ದರು. ಒಬ್ಬನಿಗೆ ಬಾಟಲಿ ಇಟ್ಟರು, ಇನ್ನೊಬ್ಬಳಿಗೆ ಗುಳಿಗೆ ಇಡಲಿಲ್ಲ. ನನಗೆ ಆ ಕೇಸರಿಬಾತಿನ ತುಪ್ಪದ ವಾಸನೆಯೇ ಹೊಲಸೆನಿಸಿತು. ನಾನು ಏನೂ ಅನ್ನದೆ ಗುಳಿಗೆಯನ್ನು ನೀರಿನಲ್ಲಿ ಕದಡಿ, ಚಮಚದಲ್ಲಿ ನಿಧಾನಕ್ಕೆ ಕುಡಿಸಿದೆ. ಮೈ ಒರೆಸಿ ಸೀರೆ ಬದಲಿಸಿದೆ. ಬೀಗರು ಬಂದು ಪಡಸಾಲೆಯಲ್ಲಿ ಕೂತ ಸದ್ದಾಯಿತು. ಮೊದಲು ಅವರ ಹೆಬ್ಬೆರಳು ಸಡಿಲವಾಯಿತು, ಆಮೇಲೆ ಕತ್ತು, ಕೊನೆಗೆ ಬಾಯಿ.

"ಹೊರಗೆ ಕರಕಂಡು ಹೋಗ್ರಿ ಶೈಲಾ."

ಪಡಸಾಲೆಯ ಬಾಗಿಲಲ್ಲಿ ನಾವು ನಿಂತಾಗ ಸುಮಂಗಲಮ್ಮ ಕೈಯ ತಟ್ಟೆಯನ್ನು ಕೆಳಗಿಟ್ಟಳು. ಹುಡುಗಿಯ ತಾಯಿ, ಬಿಸಿಲಿಗೆ ಕಂದಿದ ಮುಖದ ಗಟ್ಟಿ ಹೆಂಗಸು, ಕುರ್ಚಿ ಸರಿಸಿ ಜಾಗ ಮಾಡಿದಳು. "ಇವರು ಯಾರು?"

"ನಾನು ಹುಡುಗನ ಚಿಕ್ಕಮ್ಮ" ಎಂದರು ಮೇಡಂ. ದನಿ ಸಣ್ಣದಾಗಿತ್ತು, ಆದರೆ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸಿತು. "ನನಗಿರೋದು ವಂಶದ ಕಾಯಿಲೆ. ನಿಮ್ಮದು ಹೊರಗಿನ ಸಂಬಂಧ, ಭಯ ಕಡಿಮೆ. ಆದ್ರೂ ನಿಮಗೆ ಗೊತ್ತಿರಲಿ. ಮುಚ್ಚಿಟ್ಟು ಹೆಣ್ಣು ತರೋದು ಬ್ಯಾಡ."

ಸುಮಂಗಲಮ್ಮ, "ಅವಳಿಗೆ ತಲೆ ಸರಿಯಿಲ್ರೀ" ಎಂದಳು.

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ವಿನಯ ಎದ್ದ. "ಚಿಕ್ಕಮ್ಮನ ತಲೆ ಸರಿ ಐತೆ. ಕಾವ್ಯ ಹೇಳಿದಮ್ಯಾಲೆ ನಾನೂ ಪರೀಕ್ಷೆ ಮಾಡಿಸ್ದೆ. ಆ ಗುಣ ನನ್ನಾಗೂ ಒಂದು ಪಾಲು ಐತೆ. ನನಗೆ ರೋಗ ಬರಲ್ಲ ಅಂದಾರೆ. ಕಟ್ಕಳೋ ಹುಡುಗಿಯಾಗೂ ಇದ್ರೆ ಮಾತ್ರ ಮಕ್ಕಳಿಗೆ ಬರಬಹುದು ಅಂದಾರೆ."

ಸೊಕ್ಕೆಯ ಹೆಂಗಸು ತನ್ನ ಗಂಡನ ಕಡೆ ನೋಡಿದಳು, ಆಮೇಲೆ ವಿನಯನ ಕಡೆ.

"ಹಂಗಾರೆ ನಮ್ಮ ಹುಡುಗೀದೂ ಒಂದು ಸಲ ಮಾಡಿಸಿದ್ರೆ ಆತಲ್ಲಪ್ಪ?" ಎಂದಳು. "ಅದಕ್ಕೇನು. ಕುರಿ ತರೋವಾಗ್ಲೇ ನೂರು ನೋಡ್ತೀವಿ."

ಆ ಹುಡುಗಿಯೇ ಈಗ ಆ ಮನೆಯ ಸೊಸೆ. ಅಂದು ಆ ಹೆಂಗಸು ಅಷ್ಟು ಹೇಳಿ ಕೇಸರಿಬಾತಿನ ತಟ್ಟೆ ಕೈಗೆತ್ತಿಕೊಂಡಳು. ಮುಗಿಯಿತು. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಗಿರಿಜಮ್ಮ ಮೇಡಂ ನನ್ನ ತೋಳಿಗೆ ಒರಗಿ ಕೂತಿದ್ದರು. ಅವರು ಅಳುವುದನ್ನು ನಾನು ಮಂಜಣ್ಣನ ಮಣ್ಣಿನಲ್ಲೂ ನೋಡಿರಲಿಲ್ಲ. ಈಗ ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಏರುತ್ತಿರಲಿಲ್ಲ. ಯಾರನ್ನೂ ನೋಡದೆ ತಮ್ಮಷ್ಟಕ್ಕೆ ಹೇಳಿಕೊಂಡರು.

"ಹೇಳಿದ್ರೆ ಇಷ್ಟೇ ಇತ್ತಲ್ಲೋ ಮಂಜಣ್ಣ."